ತಿಂಗಳ ನೋವು, ಸಂಜೆಯ ನೋವು

ಕಿಬ್ಬೊಟ್ಟೆ ನೋವು ಅಂದರೆ ಎಲ್ಲರೂ ಮೊದಲು ಕೇಳುವುದು 'ಎಷ್ಟು ನೋವು' ಎಂದು. ಒಂದರಿಂದ ಹತ್ತರೊಳಗೆ ಒಂದು ನಂಬರ್ ಹೇಳಿ ಅನ್ನುತ್ತಾರೆ. ನಾವೂ ಏಳೋ ಎಂಟೋ ಹೇಳುತ್ತೇವೆ. ಅದನ್ನು ಬರೆದುಕೊಂಡು ಮುಂದಿನ ಪೇಷೆಂಟ್ ಕರೆಯುತ್ತಾರೆ. 'ಯಾವಾಗ ನೋವು' ಎಂದು ಬಿಡಿಸಿ ಕೇಳುವವರು ಕಡಿಮೆ. ಮುಟ್ಟಿನ ದಿನ ಜಾಸ್ತಿಯಾ? ಬೆಳಗ್ಗೆ ಎದ್ದಾಗ ಹೇಗಿರುತ್ತೆ? ಸಂಜೆ? ನಿಂತಾಗ? ಕಾಲು ಚಾಚಿ ಮಲಗಿದಾಗ? ಹೆಣ್ಣುಮಕ್ಕಳ ಹೊಟ್ಟೆನೋವಿನ ಅರ್ಧ ವಿಷಯ ಈ ಪ್ರಶ್ನೆಗಳಲ್ಲೇ ಇದೆ ಎಂದು ನನಗೆ ಈಗ ಅನ್ನಿಸುತ್ತದೆ.

ನಾನು ಡಾಕ್ಟರ್ ಅಲ್ಲ, ಹೈಸ್ಕೂಲ್ ಟೀಚರ್. ದಿನದ ಬಹುಪಾಲು ಬೋರ್ಡಿನ ಮುಂದೆ ನಿಂತೇ ಕಳೆಯುವವಳು. ನನಗೆ ಎಂಡೋಮೆಟ್ರಿಯೋಸಿಸ್ ಇದೆ. ಅದರ ಜೊತೆಗೆ ಕಿಬ್ಬೊಟ್ಟೆಯೊಳಗಿನ ರಕ್ತನಾಳಗಳು ಉಬ್ಬಿ, ಅಲ್ಲಿ ರಕ್ತ ಕಟ್ಟಿಕೊಳ್ಳುತ್ತಿದೆ ಎಂಬುದು ತುಂಬಾ ತಡವಾಗಿ ಗೊತ್ತಾಯಿತು. ಎರಡಕ್ಕೂ ಏನಾದರೂ ಸಂಬಂಧ ಇದೆಯಾ ಎಂದು ಹುಡುಕಲು ಹೊರಟಾಗ ಓದಿದ್ದು, ಡಾಕ್ಟರುಗಳನ್ನು ಕಾಡಿ ಕೇಳಿ ತಿಳಿದದ್ದು ಈ ಬರಹದಲ್ಲಿದೆ.

ಎಂಡೋಮೆಟ್ರಿಯೋಸಿಸ್ ಬಗ್ಗೆ ಈಗ ಜನಕ್ಕೆ ಸ್ವಲ್ಪ ಗೊತ್ತು. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುತ್ತದೆ. ಅಂಡಾಶಯದ ಮೇಲೆ, ಕರುಳಿನ ಮೇಲೆ, ಮೂತ್ರಕೋಶದ ಪಕ್ಕ, ಎಲ್ಲೆಂದರಲ್ಲಿ. ಅಲ್ಲಿ ಉರಿಯೂತ ಆಗುತ್ತದೆ, ಕಲೆಗಟ್ಟುತ್ತದೆ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದಲ್ಲಿ ಹಳೆ ರಕ್ತ ತುಂಬಿದ ಗಂಟಾದರೆ ಚಾಕೊಲೇಟ್ ಸಿಸ್ಟ್ ಅನ್ನುತ್ತಾರೆ. ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. 10ರಷ್ಟು ಮಂದಿಗೆ, ಅಂದರೆ ಜಗತ್ತಿನಲ್ಲಿ 19 ಕೋಟಿ ಜನಕ್ಕೆ ಇದು ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಷ್ಟು ಜನಕ್ಕೆ ಇರುವ ಕಾಯಿಲೆ ಪತ್ತೆಯಾಗಲು ವರ್ಷಗಟ್ಟಲೆ ಹಿಡಿಯುತ್ತದೆ. 'ಮುಟ್ಟು ಅಂದ್ಮೇಲೆ ನೋವು ಇರಲ್ವಾ' ಅನ್ನುವ ಮಾತಿನಲ್ಲೇ ಅರ್ಧ ಆಯಸ್ಸು ಕಳೆದುಹೋಗುತ್ತದೆ.

ರಕ್ತನಾಳದ ಕಥೆ ಮಾತ್ರ ಯಾರಿಗೂ ಗೊತ್ತಿಲ್ಲ. ಕಾಲಿನಲ್ಲಿ ನೀಲಿ ನರ ಉಬ್ಬುವುದನ್ನು ಎಲ್ಲರೂ ನೋಡಿದ್ದೇವೆ. ವೇರಿಕೋಸ್ ವೇನ್ಸ್. ಗಂಟೆಗಟ್ಟಲೆ ನಿಲ್ಲುವ ಬಸ್ ಕಂಡಕ್ಟರು, ಹೋಟೆಲಿನವರು, ನಮ್ಮಂಥ ಮೇಷ್ಟರುಗಳ ಕಾಯಿಲೆ. ಅದೇ ತೊಂದರೆ ಗರ್ಭಕೋಶ, ಅಂಡಾಶಯದ ಸುತ್ತಲಿನ ರಕ್ತನಾಳಗಳಲ್ಲೂ ಆಗಬಹುದು ಎಂದು ನಮಗೆ ಹೊಳೆಯುವುದಿಲ್ಲ. ಹೊರಗೆ ಕಾಣುವುದಿಲ್ಲವಲ್ಲ.

ಅದು ಆಗುವ ರೀತಿ ಹೀಗೆ. ಅಂಡಾಶಯದಿಂದ ರಕ್ತ ಮೇಲಕ್ಕೆ ಹರಿದು ಹೋಗಬೇಕು. ವಾಪಸ್ ಜಾರದಂತೆ ತಡೆಯಲು ರಕ್ತನಾಳದೊಳಗೆ ಕವಾಟಗಳಿರುತ್ತವೆ. ಕೆಲವರಿಗೆ ಹುಟ್ಟಿನಿಂದಲೇ ಈ ಕವಾಟ ಇರುವುದಿಲ್ಲ. ಕೆಲವರಿಗೆ ಬಸಿರಿನಲ್ಲಿ ಕೆಡುತ್ತದೆ. ಬಸಿರಿನಲ್ಲಿ ಈ ನಾಳಗಳು ಎಷ್ಟೋ ಪಟ್ಟು ಹಿಗ್ಗಬೇಕಾಗುತ್ತದೆ. ಹೆರಿಗೆಯಾದ ಮೇಲೆ ಎಲ್ಲರಿಗೂ ಮೊದಲಿನಂತೆ ಕುಗ್ಗುವುದಿಲ್ಲ. ಆಗ ಮೇಲೆ ಹೋಗಬೇಕಾದ ರಕ್ತ ಕೆಳಗೆ ಜಾರಿ, ಗರ್ಭಕೋಶದ ಸುತ್ತ ನಿಂತುಬಿಡುತ್ತದೆ. ಎಡಗಡೆ ಈ ತೊಂದರೆ ಜಾಸ್ತಿ. ಬಲ ಅಂಡಾಶಯದ ನಾಳ ನೇರವಾಗಿ ಹೊಟ್ಟೆಯ ದೊಡ್ಡ ಅಭಿಧಮನಿಗೆ ಸೇರುತ್ತದೆ. ಎಡದ್ದು ಸುತ್ತಿಕೊಂಡು ಎಡ ಮೂತ್ರಪಿಂಡದ ನಾಳಕ್ಕೆ ಹೋಗಿ ಸೇರಬೇಕು. ಆ ಮೂತ್ರಪಿಂಡದ ನಾಳವೋ ಎರಡು ಅಪಧಮನಿಗಳ ನಡುವೆ ಹಾದುಹೋಗುತ್ತದೆ. ಕೆಲವರಲ್ಲಿ ಅಲ್ಲೇ ಒತ್ತಿಹೋಗಿ ರಕ್ತ ಹಿಂದಕ್ಕೆ ನೂಕುತ್ತದೆ. ಇದಕ್ಕೆ ನಟ್‌ಕ್ರ್ಯಾಕರ್ ಎಂದು ಹೆಸರು. ಇನ್ನೂ ಕೆಳಗೆ, ಎಡಗಾಲಿನಿಂದ ಬರುವ ದೊಡ್ಡ ನಾಳದ ಮೇಲೆ ಬಲಗಡೆಯ ಅಪಧಮನಿ ಕೂತು ಒತ್ತುವುದೂ ಉಂಟು. ಅದನ್ನು 1957ರಲ್ಲಿ ಮೇ ಮತ್ತು ಟರ್ನರ್ ಎಂಬ ಇಬ್ಬರು ವಿವರಿಸಿದರು. ಅವರ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ.

ಈ ನೋವಿನ ನಡವಳಿಕೆ ಬೇರೆ. ಬೆಳಗ್ಗೆ ಏನೂ ಇರುವುದಿಲ್ಲ. ಹೊತ್ತು ಏರಿದಂತೆ ಕಿಬ್ಬೊಟ್ಟೆ ಭಾರವಾಗುತ್ತದೆ. ಏನೋ ಕೆಳಗೆ ಜಗ್ಗಿದ ಹಾಗೆ. ಸಂಜೆಗೆ ನಿಲ್ಲಲು ಆಗುವುದಿಲ್ಲ. ಅರ್ಧ ಗಂಟೆ ಮಲಗಿದರೆ ಇಳಿಯುತ್ತದೆ. ಮುಟ್ಟಿನ ಹಿಂದುಮುಂದು ಜಾಸ್ತಿಯಾಗಬಹುದು. ಹಾಗಾಗಿಯೇ ಮುಟ್ಟಿನ ನೋವಿನ ಲೆಕ್ಕಕ್ಕೆ ಸೇರಿಹೋಗುತ್ತದೆ.

ನನ್ನದೂ ಹಾಗೇ ಸೇರಿಹೋಗಿತ್ತು. ಎಡಗಡೆ ಚಾಕೊಲೇಟ್ ಸಿಸ್ಟ್ ಇದೆ ಎಂದು ಲ್ಯಾಪರೋಸ್ಕೋಪಿ ಮಾಡಿದರು, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್. ಸಿಸ್ಟ್ ತೆಗೆದರು, ಅಂಟಿಕೊಂಡದ್ದನ್ನು ಬಿಡಿಸಿದರು. ಮುಟ್ಟಿನ ದಿನಗಳಲ್ಲಿ ನೆಲಕ್ಕೆ ಬಿದ್ದು ಹೊರಳಾಡುವ ನೋವು ನಿಜಕ್ಕೂ ಹೋಯಿತು. ಅದಕ್ಕೆ ಆ ಡಾಕ್ಟರಿಗೆ ಇವತ್ತೂ ಋಣಿ. ಆದರೆ ಸಂಜೆಯ ಭಾರ ಉಳಿಯಿತು. ಹೋಗಿ ಹೇಳಿದರೆ, 'ಒಳಗೆಲ್ಲ ಕ್ಲೀನ್ ಆಗಿದೆ ಅಮ್ಮ, ನಾನೇ ಕಣ್ಣಾರೆ ನೋಡಿದ್ದೇನೆ' ಅಂದರು. ಸಿ.ಡಿ. ಕೂಡ ಕೊಟ್ಟಿದ್ದರು. ಮನೆಯಲ್ಲೂ ಅದೇ ಮಾತು. ಇಷ್ಟು ದುಡ್ಡು ಸುರಿದು ಆಪರೇಷನ್ ಆದಮೇಲೂ ನೋವು ಅಂದರೆ ಮನಸ್ಸಿನದ್ದೇ ಇರಬೇಕು ಅಂತ ನಮ್ಮತ್ತೆ. ಅವರನ್ನೇನೂ ಬೈಯಲಾರೆ. ಡಾಕ್ಟರೇ ಇಲ್ಲ ಅಂದಮೇಲೆ ಅತ್ತೆ ಇನ್ನೇನು ಹೇಳುತ್ತಾರೆ?

'ಕಣ್ಣಾರೆ ನೋಡಿದ್ದೇನೆ' ಎಂಬ ಮಾತು ಸುಳ್ಳಲ್ಲ. ಲ್ಯಾಪರೋಸ್ಕೋಪಿ ಮಾಡುವಾಗ ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ಗಾಳಿ ತುಂಬುತ್ತಾರೆ. ಕರುಳು ಮೇಲಕ್ಕೆ ಸರಿದು ಜಾಗವಾಗಲಿ ಎಂದು ಟೇಬಲ್ಲನ್ನು ಓರೆ ಮಾಡಿ ತಲೆ ಕೆಳಗೆ, ಸೊಂಟ ಮೇಲೆ ಮಾಡುತ್ತಾರೆ. ಎಂಡೋಮೆಟ್ರಿಯೋಸಿಸ್ ಕಲೆಗಳು ಆಗ ಚೆನ್ನಾಗಿ ಕಾಣುತ್ತವೆ. ಆದರೆ ರಕ್ತನಾಳಗಳ ಗತಿ ಏನು? ತಲೆ ಕೆಳಗಾದಾಗ ಅಲ್ಲಿ ನಿಂತಿದ್ದ ರಕ್ತ ಎದೆಯ ಕಡೆ ಇಳಿದುಹೋಗುತ್ತದೆ. ಉಳಿದದ್ದನ್ನು ಗಾಳಿಯ ಒತ್ತಡ ಹಿಂಡುತ್ತದೆ. ಉಬ್ಬಿದ್ದ ನಾಳ ಚಪ್ಪಟೆಯಾಗಿಬಿಡುತ್ತದೆ. ಅಂದರೆ ಒಂದು ಕಾಯಿಲೆಯನ್ನು ಅಷ್ಟು ಚೆನ್ನಾಗಿ ತೋರಿಸುವ ಭಂಗಿಯೇ ಇನ್ನೊಂದನ್ನು ಮುಚ್ಚಿಡುತ್ತದೆ. ಇದನ್ನು ಓದಿದ ದಿನ ನಾನು ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕಿದ್ದೆ. ಪಕ್ಕದ ಗಣಿತದ ಮೇಷ್ಟ್ರು ಏನಾಯ್ತು ಮೇಡಂ ಅಂದರು. ಏನಂತ ಹೇಳೋದು!

ಸ್ಕ್ಯಾನಿಂಗ್‌ನಲ್ಲೂ ಇದೇ ಕಥೆ. ಮಲಗಿಸಿಯೇ ಸ್ಕ್ಯಾನ್ ಮಾಡುವುದು. ನಿಂತಾಗ ಬರುವ ತೊಂದರೆಯನ್ನು ಮಲಗಿಸಿ ಹುಡುಕಿದರೆ ಸಿಗುವುದು ಕಷ್ಟ. ಅದಕ್ಕೇ ಗೊತ್ತಿರುವ ರೇಡಿಯಾಲಜಿಸ್ಟ್ ಡಾಪ್ಲರ್, ಅಂದರೆ ರಕ್ತದ ಹರಿವು ತೋರಿಸುವ ಸ್ಕ್ಯಾನ್ ಮಾಡುವಾಗ ಉಸಿರು ಬಿಗಿಹಿಡಿದು ಮುಕ್ಕಲು ಹೇಳುತ್ತಾರೆ, ಅಥವಾ ನಿಲ್ಲಿಸಿ ನೋಡುತ್ತಾರೆ. ಆಗ ರಕ್ತ ಹಿಂದಕ್ಕೆ ಹರಿಯುವುದು ಪರದೆಯ ಮೇಲೆ ಬಣ್ಣ ಬದಲಾಗಿ ಕಾಣುತ್ತದೆ. 1984ರಲ್ಲಿ ಲಂಡನ್ನಿನ ಬಿಯರ್ಡ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದದ್ದೂ ಇಂಥ ಹೆಂಗಸರ ಬಗ್ಗೆಯೇ. ಬಹುಕಾಲದಿಂದ ಕಿಬ್ಬೊಟ್ಟೆ ನೋವು, ಲ್ಯಾಪರೋಸ್ಕೋಪಿಯಲ್ಲಿ ನೋಡಿದರೆ ಕಾರಣ ಸಿಗದು. ನಾಳಗಳಿಗೆ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆದಾಗ ಎಷ್ಟೋ ಜನರಲ್ಲಿ ಉಬ್ಬಿದ ನಾಳಗಳು ಕಂಡವು.

ನನ್ನ ಹಳೆಯ ರಿಪೋರ್ಟುಗಳನ್ನು ಆಮೇಲೆ ತೆಗೆದು ನೋಡಿದೆ. 'ಗರ್ಭಕೋಶದ ಪಕ್ಕದ ನಾಳಗಳು ಎದ್ದು ಕಾಣುತ್ತಿವೆ' ಎಂಬರ್ಥದ ಸಾಲು ಕೊನೆಯಲ್ಲಿ ಇತ್ತು. ದಪ್ಪಕ್ಷರದ ತೀರ್ಮಾನದಲ್ಲಿ ಇರಲಿಲ್ಲ. ಯಾರೂ ಅದನ್ನು ಓದಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ಫೈಲ್ ಇದ್ದರೆ ಒಮ್ಮೆ ತೆಗೆದು ನೋಡಿ.

ಇನ್ನು ಸಂಬಂಧದ ಪ್ರಶ್ನೆ. ಒಂದರಿಂದ ಇನ್ನೊಂದು ಬರುತ್ತದಾ? ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಹಳೆಯ ಕಥೆ ಇದೆ. ಅಮೆರಿಕದ ಆಲ್ಬನಿಯಲ್ಲಿ ಜಾನ್ ಸ್ಯಾಂಪ್ಸನ್ ಎಂಬ ಸ್ತ್ರೀರೋಗ ತಜ್ಞರಿದ್ದರು. ಎಂಡೋಮೆಟ್ರಿಯೋಸಿಸ್ ಹೇಗೆ ಬರುತ್ತದೆ ಎಂಬುದಕ್ಕೆ ಇವತ್ತೂ ಎಲ್ಲರೂ ಮೊದಲು ಹೇಳುವ ವಿವರಣೆ ಅವರದ್ದು. ಮುಟ್ಟಿನ ರಕ್ತ ಸ್ವಲ್ಪ ಹಿಂದಕ್ಕೆ, ಗರ್ಭನಾಳಗಳ ಮೂಲಕ ಹೊಟ್ಟೆಯೊಳಗೆ ಹೋಗುತ್ತದೆ, ಅದರಲ್ಲಿನ ಅಂಗಾಂಶ ಅಲ್ಲಿ ಬೇರೂರುತ್ತದೆ ಎಂದು. ಆದರೆ 1927ರಲ್ಲೇ ಅವರು ಇನ್ನೊಂದು ಪ್ರಬಂಧ ಬರೆದರು. ಗರ್ಭಕೋಶದ ಗೋಡೆಯ ರಕ್ತನಾಳಗಳೊಳಗೇ ಆ ಅಂಗಾಂಶದ ತುಣುಕುಗಳನ್ನು ಕಂಡಿದ್ದಾಗಿ, ರಕ್ತದ ಜೊತೆ ಅದು ಬೇರೆಡೆಗೆ ಹೋಗಬಹುದು ಎಂದು. ಮೊದಲ ವಿವರಣೆ ಪಠ್ಯಪುಸ್ತಕ ಸೇರಿತು. ಎರಡನೆಯದು ಅಪರೂಪದ ಕೇಸುಗಳ ಪಟ್ಟಿಗೆ ಹೋಯಿತು. ಹೊಟ್ಟೆಯಿಂದ ದೂರದ ಜಾಗಗಳಲ್ಲಿ ಎಂಡೋಮೆಟ್ರಿಯೋಸಿಸ್ ಕಂಡರೆ ಮಾತ್ರ ಅದನ್ನು ನೆನೆಯುತ್ತಾರೆ.

ಮುಟ್ಟಿನ ರಕ್ತ ಹಿಂದಕ್ಕೆ ಹೋಗುವುದು ಬಹುತೇಕ ಎಲ್ಲ ಹೆಂಗಸರಲ್ಲೂ ಆಗುತ್ತದೆ. ಕಾಯಿಲೆ ಬರುವುದು ಕೆಲವರಿಗೆ ಮಾತ್ರ. ಹಾಗಾಗಿ ಬೇರೆ ಏನೋ ಒಂದು ಸೇರಲೇಬೇಕು. ರೋಗನಿರೋಧಕ ಶಕ್ತಿ, ವಂಶ, ಹಾರ್ಮೋನು ಇವೆಲ್ಲ ಆ ಪಟ್ಟಿಯಲ್ಲಿವೆ. ನಿಂತ ರಕ್ತವೂ ಅದರಲ್ಲಿ ಪಾಲುದಾರ ಇರಬಹುದೇ ಎಂದು ಕೇಳುವುದು ತಪ್ಪಲ್ಲ. ಇರಬಹುದು ಅನ್ನುವುದಕ್ಕೂ ಇದೆ ಅನ್ನುವುದಕ್ಕೂ ವ್ಯತ್ಯಾಸ ಇದೆ ಅಷ್ಟೇ. ಎರಡೂ ಒಟ್ಟಿಗೆ ಇರುವ ಹೆಂಗಸರು ಸಾಕಷ್ಟಿದ್ದಾರೆ. ಒಂದು ಇನ್ನೊಂದನ್ನು ಹುಟ್ಟಿಸುತ್ತದೆ ಎಂಬುದು ಸಾಬೀತಾಗಿಲ್ಲ.

ಎಡಗಡೆಯ ವಿಷಯವನ್ನೇ ನೋಡಿ. ಚಾಕೊಲೇಟ್ ಸಿಸ್ಟ್ ಎಡ ಅಂಡಾಶಯದಲ್ಲಿ ಜಾಸ್ತಿ. ನಾಳ ಉಬ್ಬುವುದೂ ಎಡಗಡೆ ಜಾಸ್ತಿ. ನನ್ನದಂತೂ ಎರಡೂ ಎಡಗಡೆಯೇ. ಸಿಕ್ಕಿತು ಉತ್ತರ ಎಂದು ಕುಣಿಯುವಂತಿದೆ. ಆದರೆ ಸಿಸ್ಟ್ ಎಡಗಡೆ ಜಾಸ್ತಿ ಇರುವುದಕ್ಕೆ ಬೇರೆಯೇ ಕಾರಣ ಹೇಳುತ್ತಾರೆ. ದೊಡ್ಡ ಕರುಳಿನ ಕೊನೆಯ ಭಾಗ ಅಲ್ಲಿ ಅಡ್ಡ ಇರುತ್ತದೆ. ಹಿಂದಕ್ಕೆ ಬಂದ ರಕ್ತ ಆ ಮೂಲೆಯಲ್ಲಿ ನಿಲ್ಲುತ್ತದೆ, ಚದುರಿ ಹೋಗುವುದಿಲ್ಲ. ನಾಳ ಉಬ್ಬುವುದಕ್ಕೆ ಮೂತ್ರಪಿಂಡದ ಕಡೆಯ ತಿರುವು ಕಾರಣ. ಒಂದೇ ಬೀದಿಯಲ್ಲಿ ಮನೆ ಇದ್ದ ಮಾತ್ರಕ್ಕೆ ನೆಂಟರಾಗಬೇಕಿಲ್ಲವಲ್ಲ.

ನಂಟು ಗಟ್ಟಿಯಾಗಿ ಕಾಣುವುದು ಈಸ್ಟ್ರೋಜನ್ ಹಾರ್ಮೋನಿನಲ್ಲಿ. ಎಂಡೋಮೆಟ್ರಿಯೋಸಿಸ್ ಬೆಳೆಯುವುದು ಅದರಿಂದ. ರಕ್ತನಾಳದ ಗೋಡೆ ಸಡಿಲವಾಗಿ ಹಿಗ್ಗುವುದಕ್ಕೂ ಅದೇ ಕಾರಣ. ಮುಟ್ಟು ನಿಂತ ಮೇಲೆ ಎರಡೂ ಸಾಮಾನ್ಯವಾಗಿ ತಣ್ಣಗಾಗುತ್ತವೆ. ಔಷಧಿಯಲ್ಲೂ ಅಷ್ಟೇ. ಎಂಡೋಮೆಟ್ರಿಯೋಸಿಸ್‌ಗೆ ಕೊಡುವ ಪ್ರೊಜೆಸ್ಟಿರಾನ್ ಬಗೆಯ ಮಾತ್ರೆ, ಅಂಡಾಶಯವನ್ನು ತಾತ್ಕಾಲಿಕವಾಗಿ ಸುಮ್ಮನಿರಿಸುವ ಇಂಜೆಕ್ಷನ್, ಇವನ್ನೇ ರಕ್ತ ಕಟ್ಟುವ ನೋವಿಗೂ ಬಳಸಿ ನೋಡಿದ್ದಾರೆ, ಫಲ ಸಿಕ್ಕಿದೆ. ಒಳ್ಳೆಯದೇ. ಆದರೆ ಇದರಲ್ಲಿ ಒಂದು ಪೇಚು ಇದೆ. ಮಾತ್ರೆಯಿಂದ ನೋವು ಇಳಿಯಿತು, ಹಾಗಾದರೆ ಎಂಡೋಮೆಟ್ರಿಯೋಸಿಸ್ಸೇ ಎಂದು ತೀರ್ಮಾನಿಸುವ ಹಾಗಿಲ್ಲ. ನನಗೆ ಡೈನೋಜೆಸ್ಟ್ ಎಂಬ ಪ್ರೊಜೆಸ್ಟಿರಾನ್ ಬಗೆಯ ಮಾತ್ರೆ ಕೊಟ್ಟಿದ್ದಾಗ ಸಂಜೆಯ ಭಾರವೂ ಕಡಿಮೆ ಇತ್ತು. ನೋಡಿ, ಎಲ್ಲ ಒಂದೇ ಕಾಯಿಲೆ ಎಂದು ಎಲ್ಲರಿಗೂ ಸಮಾಧಾನವಾಗಿತ್ತು.

ನಮ್ಮೂರಿನ ಹಳೆ ಸಲಹೆಯೊಂದಿದೆಯಲ್ಲ, 'ಒಂದು ಮಗು ಆದ್ರೆ ಎಲ್ಲ ಸರಿಹೋಗುತ್ತೆ' ಅಂತ. ಬಸಿರಿನಲ್ಲಿ ಮುಟ್ಟು ಇರುವುದಿಲ್ಲ, ಹಾಗಾಗಿ ಎಂಡೋಮೆಟ್ರಿಯೋಸಿಸ್ ನೋವು ಕೆಲಕಾಲ ಕಡಿಮೆಯಾಗಬಹುದು. ಅದು ಚಿಕಿತ್ಸೆ ಅಲ್ಲ. 2022ರ ಯುರೋಪಿನ ತಜ್ಞರ ಮಾರ್ಗಸೂಚಿ, ಎಂಡೋಮೆಟ್ರಿಯೋಸಿಸ್ ವಾಸಿಯಾಗಲಿ ಎಂಬ ಒಂದೇ ಕಾರಣಕ್ಕೆ ಬಸಿರಾಗಲು ಹೇಳಬೇಡಿ ಎಂದು ಸ್ಪಷ್ಟವಾಗಿಯೇ ಹೇಳುತ್ತದೆ. ಇತ್ತ ರಕ್ತನಾಳಗಳಿಗೆ ಬಸಿರೇ ದೊಡ್ಡ ಪೆಟ್ಟು. ಒಂದು ನೋವಿಗೆ ಮದ್ದು ಎಂದು ಹೇಳುವ ಅದೇ ಮಾತು ಇನ್ನೊಂದಕ್ಕೆ ದಾರಿ ಮಾಡಿಕೊಡಬಹುದು. ಮಗು ಬೇಕು ಅನ್ನುವವರಿಗೆ ಮಗುವಾಗಲಿ, ಸಂತೋಷ. ಮಾತ್ರೆಯ ಬದಲು ಮಗು ಬೇಡ.

ಹೇಳಲು ಮುಜುಗರವಾದರೂ ಹೇಳಬೇಕಾದ ವಿಷಯ ಇನ್ನೊಂದಿದೆ. ಗಂಡಹೆಂಡಿರ ಸಂಬಂಧದ ನೋವು. ಎಂಡೋಮೆಟ್ರಿಯೋಸಿಸ್‌ನಲ್ಲಿ ಕೂಡುವ ಹೊತ್ತಿನಲ್ಲೇ, ಆಳದಲ್ಲಿ ಚುಚ್ಚಿದಂಥ ನೋವು ಬರುತ್ತದೆ. ರಕ್ತ ಕಟ್ಟುವ ತೊಂದರೆಯಲ್ಲಿ ಆಮೇಲೆ ಶುರುವಾಗುತ್ತದೆ. ಗಂಟೆಗಟ್ಟಲೆ, ಒಮ್ಮೊಮ್ಮೆ ಮರುದಿನದವರೆಗೂ ಕಿಬ್ಬೊಟ್ಟೆ ನೋಯುತ್ತಿರುತ್ತದೆ. ಆಮೇಲೆ ಬರುವ ಈ ನೋವು, ಅಂಡಾಶಯದ ಜಾಗ ಒತ್ತಿದಾಗ ಆಗುವ ನೋವು, ಇವೆರಡೂ ಇದ್ದರೆ ರಕ್ತನಾಳದ ಮೇಲೆ ಅನುಮಾನ ಪಡಬೇಕು ಎಂದು ಬಿಯರ್ಡ್ ತಂಡ 1988ರಲ್ಲೇ ಬರೆದಿತ್ತು. ಖರ್ಚಿಲ್ಲದ ಪರೀಕ್ಷೆ, ಬರೀ ಒಂದು ಪ್ರಶ್ನೆ. ಆದರೆ ನಮ್ಮಲ್ಲಿ ಅದನ್ನು ಕೇಳುವವರು ಯಾರು? ಡಾಕ್ಟರ ಕೋಣೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಅತ್ತೆಯೋ ಅಮ್ಮನೋ ಕೂತಿರುತ್ತಾರೆ. ಅರ್ಧ ತೆರೆದ ಬಾಗಿಲ ಬಳಿ ಮುಂದಿನ ಪೇಷೆಂಟ್ ನಿಂತಿರುತ್ತಾರೆ. ಸ್ಕ್ಯಾನಿಂಗ್ ಕೋಣೆಯಲ್ಲಿ 'ಮದುವೆ ಆಗಿದ್ಯಾ' ಎಂದು ಕೇಳುವುದೇ ಈ ವಿಷಯದಲ್ಲಿ ಆಗುವ ಒಟ್ಟು ಮಾತುಕತೆ. ನನ್ನನ್ನು ಕೊನೆಗೆ ಕೇಳಿದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಅಮ್ಮನನ್ನು 'ಸ್ವಲ್ಪ ಹೊರಗಿರಿ ಆಂಟಿ' ಎಂದು ಕಳಿಸಿ, ಬಾಗಿಲು ಹಾಕಿ ಕೇಳಿದರು. ಆಮೇಲೆ ತೊಡೆಯ ಹಿಂಭಾಗ ನೋಡಿದರು. ಅಲ್ಲಿ ಉಬ್ಬಿದ್ದ ನಾಳಗಳು ಬಾಣಂತನದಿಂದ ಹಾಗೇ ಉಳಿದದ್ದು. ಬಸಿರಿನಲ್ಲಿ ಗುಪ್ತಾಂಗದ ಹತ್ತಿರವೂ ಬಂದಿತ್ತು. ನಾನು ಯಾರಿಗೂ ಹೇಳಿರಲಿಲ್ಲ. ಒಳಗಿನ ರಕ್ತ ದಾರಿ ಹುಡುಕಿಕೊಂಡು ಹೀಗೆ ಹೊರಗೆ ಬರುವುದು ದೊಡ್ಡ ಸುಳಿವಂತೆ. ಅಲ್ಲಿಂದ ಡಾಪ್ಲರ್‌ಗೆ ಬರೆದುಕೊಟ್ಟರು.

ಸುಳಿವು ಸಿಗದೆ ಹೋದರೆ ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಗರ್ಭಕೋಶ ತೆಗೆಸುವ ಮಾತಿಗೆ. 'ಮಕ್ಕಳಾಗಿವೆಯಲ್ಲ, ಇನ್ಯಾಕೆ ಅದು' ಅನ್ನುತ್ತಾರೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಬಲ್ಕಿ ಯೂಟರಸ್', ಅಂದರೆ ಗರ್ಭಕೋಶ ದಪ್ಪಗಿದೆ ಎಂದು ಬಂದರೆ ಮುಗಿಯಿತು. ಗರ್ಭಕೋಶ ತೆಗೆಸಿದವರು ದೇಶದಲ್ಲೇ ಹೆಚ್ಚು ಇರುವುದು ನಮ್ಮ ನೆರೆಯ ಆಂಧ್ರ, ತೆಲಂಗಾಣಗಳಲ್ಲಿ. ನಮ್ಮಲ್ಲೂ ಕಲಬುರಗಿ ಕಡೆಯ ತಾಂಡಾಗಳ ಹೆಣ್ಣುಮಕ್ಕಳು, ಬೇಡದ ಆಪರೇಷನ್ ಮಾಡಿದರು ಎಂದು ಬೀದಿಗಿಳಿದದ್ದನ್ನು ಪೇಪರಿನಲ್ಲಿ ಓದಿದ್ದೇವೆ. ಬೇಡದ ಕಡೆ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿ ಜಾರಿಮಾಡಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಬೇಕಾಯಿತು.

ನಮ್ಮ ಎರಡು ಕಾಯಿಲೆಗಳ ಲೆಕ್ಕದಲ್ಲಿ ನೋಡಿದರೆ ಈ ಆಪರೇಷನ್ ಎರಡಕ್ಕೂ ಖಚಿತ ಉತ್ತರ ಅಲ್ಲ. ಎಂಡೋಮೆಟ್ರಿಯೋಸಿಸ್ ಇರುವುದೇ ಗರ್ಭಕೋಶದ ಹೊರಗೆ. ರಕ್ತ ಹಿಂದಕ್ಕೆ ಜಾರುವುದು ಅಂಡಾಶಯದ ನಾಳದಲ್ಲಿ. ಗರ್ಭಕೋಶ ಹೋದರೂ ಅವೆರಡೂ ಇರಬಹುದು. ಅದರ ಗೋಡೆಯಲ್ಲೇ ತೊಂದರೆ ಇರುವ ಅಡಿನೋಮಯೋಸಿಸ್ ಬೇರೆ ವಿಷಯ, ಅಲ್ಲಿ ಅದಕ್ಕೆ ಅರ್ಥವಿದೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಕಡೆಯ ಎಚ್ಚರವನ್ನೂ ಹೇಳಲೇಬೇಕು. ಯಾವ ನೋವೂ ಇಲ್ಲದ ಎಷ್ಟೋ ಹೆಂಗಸರ ಸ್ಕ್ಯಾನಿನಲ್ಲೂ ಅಂಡಾಶಯದ ನಾಳ ದಪ್ಪಗೆ ಕಾಣುತ್ತದೆ, ಅದರಲ್ಲೂ ಹೆತ್ತವರಲ್ಲಿ. ನಾಳ ಇಷ್ಟು ಮಿಲಿಮೀಟರ್ ಇದೆ, ಹಾಗಾದರೆ ನೋವಿಗೆ ಅದೇ ಕಾರಣ ಎಂದು ಅಳತೆಪಟ್ಟಿ ಹಿಡಿದು ಹೇಳಲಾಗದು. ಎಂಡೋಮೆಟ್ರಿಯೋಸಿಸ್ಸೂ ಹಾಗೇ. ನಾಲ್ಕನೇ ಹಂತದಲ್ಲಿದ್ದು ನೋವೇ ಇಲ್ಲದವರಿದ್ದಾರೆ, ಮೊದಲನೇ ಹಂತದಲ್ಲೇ ನರಳುವವರಿದ್ದಾರೆ. ಈ ಗೊಂದಲ ಸರಿಪಡಿಸಲೆಂದೇ 2021ರಲ್ಲಿ ಅಮೆರಿಕದ ರಕ್ತನಾಳ ತಜ್ಞರ ಸಂಘವೊಂದು ಹೊಸ ವರ್ಗೀಕರಣ ತಂದಿತು. ಲಕ್ಷಣ ಏನು, ನಾಳ ಎಲ್ಲಿ ಉಬ್ಬಿದೆ, ಯಾಕೆ ಉಬ್ಬಿದೆ ಎಂದು ಮೂರನ್ನೂ ಬೇರೆ ಬೇರೆ ಬರೆಯಬೇಕು. ಇದು ನನಗೆ ಸರಿ ಅನ್ನಿಸಿತು. ಕನಿಷ್ಠ 'ಯಾಕೆ' ಎಂಬ ಕಾಲಂ ಖಾಲಿ ಬಿಡುವಂತಿಲ್ಲ.

ಚಿಕಿತ್ಸೆ ಸರಳವಾಗಿಯೇ ಕಾಣುತ್ತದೆ. ಕತ್ತಿನ ಅಥವಾ ತೊಡೆಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಕೆಟ್ಟ ನಾಳದೊಳಗೆ ಲೋಹದ ಸುರುಳಿ ಇಟ್ಟು ಅಥವಾ ನೊರೆಯಂಥ ಔಷಧಿ ಬಿಟ್ಟು ಮುಚ್ಚಿಬಿಡುವುದು. ರಕ್ತ ಬೇರೆ ದಾರಿ ಹಿಡಿಯುತ್ತದೆ. 1993ರಿಂದ ಇದನ್ನು ಮಾಡುತ್ತಿದ್ದಾರೆ. ಬಹಳಷ್ಟು ಜನಕ್ಕೆ ನೋವು ಕಡಿಮೆಯಾದ ವರದಿಗಳಿವೆ. ಆದರೆ ಹೆಚ್ಚಿನವು ಚಿಕಿತ್ಸೆ ಪಡೆದವರನ್ನಷ್ಟೇ ನೋಡಿ ಬರೆದವು. ಪಡೆಯದವರ ಜೊತೆ ಹೋಲಿಸಿ ಮಾಡಿದ ಅಧ್ಯಯನ ಕಡಿಮೆ. ಇದನ್ನು ಮಾಡುವವರು ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್, ಸ್ತ್ರೀರೋಗ ತಜ್ಞರಲ್ಲ. ತೊಡಕು ಇರುವುದೇ ಇಲ್ಲಿ. ಒಬ್ಬರಿಗೆ ಎಂಡೋಮೆಟ್ರಿಯೋಸಿಸ್ ಮಾತ್ರ ಕಾಣುತ್ತದೆ, ಇನ್ನೊಬ್ಬರಿಗೆ ರಕ್ತನಾಳ ಮಾತ್ರ. ಇಬ್ಬರೂ ಒಂದೇ ಟೇಬಲ್ಲಿನಲ್ಲಿ ಕೂತು ಒಂದೇ ಫೈಲ್ ನೋಡುವುದು ದೊಡ್ಡ ಊರುಗಳಲ್ಲೂ ಅಪರೂಪ. ಫೈಲ್ ಹೊತ್ತು ಓಡಾಡುವ ಕೆಲಸ ನಮ್ಮದೇ.

ನಾನು ಹೊತ್ತುಕೊಂಡೇ ಹೋದೆ. ಜೊತೆಗೆ ಒಂದು ನೋಟ್‌ಬುಕ್. ಬೆಳಗ್ಗೆ, ಮಧ್ಯಾಹ್ನ, ಸಂಜೆ ನೋವು ಹೇಗಿತ್ತು, ಎಷ್ಟು ಹೊತ್ತು ನಿಂತಿದ್ದೆ, ಮುಟ್ಟಿನ ಎಷ್ಟನೇ ದಿನ ಎಂದು ಬರೆದಿದ್ದೆ. ಸ್ಕ್ಯಾನಿಗಿಂತ ಜಾಸ್ತಿ ಹೊತ್ತು ರೇಡಿಯಾಲಜಿಸ್ಟ್ ಅದನ್ನೇ ನೋಡಿದರು. ಭಾನುವಾರಗಳಲ್ಲಿ ನೋವು ಕಡಿಮೆ ಇರುವುದನ್ನು ಕಂಡುಹಿಡಿದದ್ದೂ ಅವರೇ. ನಾನು ಬರೆದಿದ್ದೆ, ಗಮನಿಸಿರಲಿಲ್ಲ. 'ಸುರುಳಿ ಹಾಕಿದರೆ ಪೂರ್ತಿ ಹೋಗುತ್ತಾ ಸರ್?' ಎಂದು ಕೇಳಿದೆ. 'ಸಂಜೆ ಬರುತ್ತಲ್ಲ, ಅದು ಕಡಿಮೆಯಾಗಬಹುದು ಮೇಡಂ. ಮುಟ್ಟಿನ ನೋವು ಮತ್ತೆ ಬಂದರೆ ಅದಕ್ಕೆ ನಿಮ್ಮ ಗೈನಕಾಲಜಿಸ್ಟ್ ಹತ್ತಿರವೇ ಹೋಗಬೇಕು. ಎರಡನ್ನೂ ಸೇರಿಸಿ ನನ್ನ ಲೆಕ್ಕಕ್ಕೆ ಹಾಕಬೇಡಿ' ಅಂದರು. ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ಅವರ ಹತ್ತಿರವೇ ದಸರಾ ರಜೆಗೆ ದಿನ ಗೊತ್ತುಮಾಡಿಕೊಂಡು ಬಂದಿದ್ದೇನೆ. ಮೂತ್ರಪಿಂಡದ ಕಡೆಯ ನಾಳ ಒತ್ತಿಹೋಗಿದೆಯೇ ಎಂದು ನೋಡಲು ಅದಕ್ಕೆ ಮುಂಚೆ ಒಂದು ಸಿ.ಟಿ. ಆಗಬೇಕಂತೆ.